ಮಾತು ಬಿಟ್ಟವರು

ಪೊನ್ನಾನಿಯ ಬಸ್ಸಿನಲ್ಲಿ ಸುಹರಾಳ ಪಕ್ಕದ ಸೀಟು ಅಂದೂ ಖಾಲಿಯಿತ್ತು. ನಿಹಾಲಾ ಕಂಬಿ ಹಿಡಿದು ನಿಂತೇ ಶಾಲೆ ಸೇರಿದಳು.

ಇಬ್ಬರೂ ಮೀನುಗಾರರ ಒಂದೇ ಗಲ್ಲಿಯವರು. ಹತ್ತನೇ ಕ್ಲಾಸಿನವರೆಗೂ ಒಂದೇ ಬೆಂಚು. ಹಾಡಿಗೆ ಚಪ್ಪಾಳೆ ತಟ್ಟುತ್ತಾ ಕುಣಿಯುವ ಒಪ್ಪನ ತಂಡಕ್ಕೆ ನಿಹಾಲಾಳನ್ನು ಕರೆದ ದಿನ ಅದೆಲ್ಲ ಮುಗಿಯಿತು. ಆ ತಂಡದ ಹುಡುಗಿಯರು ನಡೆದರೆ ಶಾಲೆಗೆ ಶಾಲೆಯೇ ತಿರುಗಿ ನೋಡುತ್ತಿತ್ತು. ಅವರ ನಾಯಕಿ ರಿನ್ಷಾ ಒಂದೇ ಒಂದು ಷರತ್ತು ಹಾಕಿದ್ದಳು.

“ಆ ಸುಹರಾ ಜೊತೆ ಮಾತು ಬಿಟ್ಬಿಡು. ಮೀನು ವಾಸನೆ ಅವಳ ಜೊತೆಗೇ ಹೋಗ್ಲಿ.”

ನಿಹಾಲಾ ಹೂಂ ಅಂದಳು.

ಯಾಕೆ ಎಂದು ಸುಹರಾ ಕೇಳಲೇ ಇಲ್ಲ. ಅದೇ ನಿಹಾಲಾಳನ್ನು ಹೆಚ್ಚು ಚುಚ್ಚಿತು. ಜಗಳವಾಡಿದ್ದರೆ ಎದೆಯಾದರೂ ಹಗುರಾಗುತ್ತಿತ್ತು. ಎದುರಾದರೆ ಸುಹರಾ ಸುಮ್ಮನೆ ಮುಖ ತಿರುಗಿಸುತ್ತಿದ್ದಳು. ಹುರಿದ ಮೀನಿಲ್ಲದೆ ತುತ್ತು ಎತ್ತದವಳು ಈಗ ಬುತ್ತಿಗೆ ಬರೀ ಮೊಸರನ್ನ ತರುತ್ತಿದ್ದಳು. ಕೊರಗಿನಲ್ಲಿ ಬಾಯಿ ರುಚಿಯೇ ಸತ್ತಿರಬೇಕು ಎಂದುಕೊಂಡಳು ನಿಹಾಲಾ. ಸಂಜೆ ತಂಡ ಅಭ್ಯಾಸ ಮಾಡುವಾಗ ಕಿಟಕಿಯಾಚೆ ಸುಹರಾ ಒಬ್ಬಳೇ ನಿಂತು, ಹಾಡಿಗೆ ಸದ್ದಿಲ್ಲದೆ ಚಪ್ಪಾಳೆ ಕೂಡಿಸುತ್ತಿದ್ದಳು. ಅದನ್ನು ಕಂಡಾಗ ನಿಹಾಲಾಳ ಹೆಜ್ಜೆ ತಪ್ಪುತ್ತಿತ್ತು.

ಗುಂಪಿನಲ್ಲಿದ್ದೂ ಅವಳು ಒಂಟಿಯೇ. ಅವರು ನಕ್ಕಾಗ ಯಾಕೆಂದು ತಿಳಿಯದೆ ತಾನೂ ನಗಬೇಕಿತ್ತು. ಸುಹರಾ ಯಾಕೆ ಮನೆ ಕಡೆ ಸುಳಿಯುತ್ತಿಲ್ಲ ಎಂದು ಉಮ್ಮ ಕೇಳಿದಾಗಲೆಲ್ಲ ಪರೀಕ್ಷೆಯ ನೆಪ ಹೇಳಿ ಒಳಗೆ ಹೋಗುತ್ತಿದ್ದಳು.

ಶಾಲಾ ಕಲೋತ್ಸವ ಹತ್ತಿರ ಬಂದಿತ್ತು. ಅಂದು ಊಟದ ಹೊತ್ತಿಗೆ ಇನ್ನು ತಡೆಯಲಾಗಲಿಲ್ಲ. ಇಡೀ ತಂಡದ ಕಣ್ಣೆದುರೇ ಅಂಗಳ ದಾಟಿ, ಮಾವಿನ ಮರದಡಿ ಒಬ್ಬಳೇ ಉಣ್ಣುತ್ತಿದ್ದ ಸುಹರಾಳ ಪಕ್ಕ ಹೋಗಿ ಕುಳಿತಳು.

“ತಪ್ಪಾಯ್ತು ಕಣೇ. ಅವರಿಗೋಸ್ಕರ ನಿನ್ನ ಬಿಟ್ಟೆ. ನಂಗಿನ್ನು ಆ ಕುಣಿತ ಬೇಡ.”

ಸುಹರಾ ತಲೆ ಎತ್ತಲಿಲ್ಲ. ತುತ್ತು ಹಿಡಿದ ಕೈ ಹಾಗೇ ನಿಂತಿತು.

“ಏನಾದ್ರೂ ಅನ್ನೇ. ಬೈಯೋದಾದ್ರೆ ಬೈ.”

ಸುಹರಾಳ ಕಣ್ಣು ತುಂಬಿ ಬಂತು. ತುಟಿ ಮಾತ್ರ ಬಿಚ್ಚಲಿಲ್ಲ. ಬುತ್ತಿ ಮುಚ್ಚಿ ಎದ್ದು ನಿಂತಳು. ನಿಹಾಲಾಳತ್ತ ಅಲ್ಲ, ಅಂಗಳದಾಚೆ ಕೈ ಕಟ್ಟಿ ನಿಂತಿದ್ದ ರಿನ್ಷಾಳತ್ತ ನೋಡಿದಳು.

“ಬಾರೇ ಸುಹರಾ,” ಎಂದು ರಿನ್ಷಾ ಅಲ್ಲಿಂದಲೇ ಕರೆದಳು. “ನಿಂಗೂ ಹೇಳಿದ್ನಲ್ಲ, ನಿಮ್ಮಿಬ್ರಲ್ಲಿ ಮೊದ್ಲು ಮಾತಾಡ್ದೋಳು ಹೊರಗೆ ಅಂತ. ಅವಳ ಜಾಗ ಇನ್ನು ನಿಂದು.”