ಮುಚ್ಚಳದೊಳಗಿನ ದೀಪ

ಅಪ್ಪ ಮಾಡಿಟ್ಟು ಹೋದ ಗಡಿಯಾರಕ್ಕೆ ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಹೊಸ ಸೆಲ್ ಹಾಕುತ್ತಿದ್ದಂತೆ, ಅದರ ಹಿಂಬದಿಯ ತೆರೆದ ಡಬ್ಬಿಯೊಳಗೆ ಪುಟ್ಟ ಕೆಂಪು ದೀಪವೊಂದು ಹೊತ್ತಿಕೊಂಡಿತು. ಮಗಳ ಕೈ ಅಲ್ಲೇ ನಿಂತಿತು.

ಕರೆಂಟಿನ ವಿಷಯದಲ್ಲಿ ಕಡುಜಿಪುಣನಾದ ಅಪ್ಪನ ಸರ್ಕ್ಯೂಟಿನಲ್ಲಿ ದೀಪವೇ? ಹೈಸ್ಕೂಲಿನಲ್ಲಿ ಅವಳು ಮಾಡಿದ ಮೊದಲ ಸರ್ಕ್ಯೂಟ್ ಬೋರ್ಡಿನ ದೀಪವನ್ನು, "ಯಾರೂ ನೋಡದಿದ್ರೂ ಉರೀತಾ ಕೂತ್ಕೊಂಡು ಸೆಲ್ ತಿನ್ನುತ್ತಲ್ಲೇ ಇದು," ಎಂದು ಕತ್ತರಿಸಿ ತೆಗೆದಿದ್ದ ಮನುಷ್ಯ. ಅವಳು ಎರಡು ದಿನ ಮಾತು ಬಿಟ್ಟಿದ್ದಳು.

ಬಗ್ಗಿ ನೋಡಿದಳು. ದೀಪದ ಅಂಚಿನಲ್ಲಿ, ಅಂದು ತನ್ನ ಬೋರ್ಡಿನ ದೀಪಕ್ಕೆ ಗುರುತಿಗೆಂದು ತಾನೇ ಬಳಿದಿದ್ದ ಅಮ್ಮನ ಉಗುರುಬಣ್ಣ. ಸಂದಿಯಲ್ಲಿ ನೋಡುತ್ತಾ ಮುಚ್ಚಳ ಒತ್ತಿದರೆ ದೀಪ ಆರಿತು, ತೆಗೆದರೆ ಹೊತ್ತಿತು. "ಸೆಲ್ ಬದಲಾಯಿಸೋದು ನಿನ್ನ ಕೆಲಸ, ಮುಚ್ಚಳ ಬೇರೆ ಯಾರೂ ತೆಗೀಬಾರ್ದು," ಎಂದು ಅಪ್ಪ ಹೇಳಿದ್ದು ನೆನಪಾಯಿತು. ಅವಳು ಮುಚ್ಚಳ ಮುಚ್ಚಿದಳು.

"ಆಯ್ತೇನೇ?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಇನ್ನೊಂದು ನಿಮಿಷ ಇರಮ್ಮ," ಎಂದವಳು, ಮುಚ್ಚಿದ್ದ ಮುಚ್ಚಳವನ್ನು ಮತ್ತೆ ತೆರೆದಳು.