ಕಾಖೇತಿಯ ಉಪ್ಪಿನಕಾಯಿ

ಜೂನ್ ತಿಂಗಳು, ರಸ್ತೆಯ ಡಾಂಬರು ಮೆತ್ತಗಾಗುವಂಥ ಬಿಸಿಲು, ಮಧ್ಯಾಹ್ನ ಮೂರರ ಹೊತ್ತು. ಟ್ರಾವೆಲ್ಸಿನ ರಿತೇಶ್ ಕೊಲ್ಲಿ ದೇಶದ ಐನ್ ಖಾಲಿದ್ ಬಡಾವಣೆಯ ಒಂದು ಮನೆಯ ಬೆಲ್ ಒತ್ತುವ ಮೊದಲೇ ಸಂತೋಷ್ ಬಾಗಿಲು ತೆರೆದು ಹೊರಗೆ ಬಂದ.

"ಒಂದು ಮಾತು, ರಿತೇಶ್. ನಮ್ಮಮ್ಮನ ಮುಂದೆ ವೈನ್ ಅಂತ ಬಾಯಿ ಬಿಡಬೇಡಿ. ಬಿಟ್ರೋ, ಟ್ರಿಪ್ ಖಲಾಸ್. ಅವರು ಬೇಡ ಅಂದ್ರೆ ಈ ಮನೆಯಿಂದ ಒಬ್ಬರೂ ಹೊರಡಲ್ಲ."

ಈದ್ ರಜೆಗೆ ಜಾರ್ಜಿಯಾದ ಕಾಖೇತಿ ಸೀಮೆಗೆ ಹನ್ನೊಂದು ಟಿಕೆಟ್, ಎಲ್ಲವೂ ಈ ಮನೆಯವರದು ಮತ್ತು ಅವರ ನೆಂಟರದು. ಕೆಲಸಕ್ಕೆ ಸೇರಿ ಮೂರು ತಿಂಗಳಾದರೂ ರಿತೇಶ್ ಒಂದು ಗುಂಪನ್ನೂ ಹೊರಡಿಸಿರಲಿಲ್ಲ. "ಇದೂ ತಪ್ಪಿದರೆ ಮುಂದಿನ ಟಿಕೆಟ್ ನಿನ್ನದೇ, ಮಂಗಳೂರಿಗೆ" ಎಂದು ಮ್ಯಾನೇಜರು ಹೇಳಿಯಾಗಿತ್ತು. ವೈನಿನ ಊರನ್ನು ವೈನ್ ಎನ್ನದೆ ಪರಿಚಯ ಮಾಡಿಕೊಡುವುದು ಹೇಗೆ?

ಒಳಗೆ ಸಂತೋಷನ ಅಮ್ಮ ವಿಜಯಮ್ಮ ಸೋಫಾದ ಮೇಲೆ ಕಾಲು ಮಡಚಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ರಿತೇಶ್ ಲ್ಯಾಪ್‌ಟಾಪ್ ತೆರೆದು ಹಿಮದ ಬೆಟ್ಟ, ಹಳೇ ಚರ್ಚು, ಕಣ್ಣು ಹರಿದಷ್ಟೂ ದೂರ ದ್ರಾಕ್ಷಿ ಬಳ್ಳಿ ತೋರಿಸಿದ.

"ಆ ದೇಶದಲ್ಲಿ ಎಂಟು ಸಾವಿರ ವರ್ಷದಿಂದ ದ್ರಾಕ್ಷಿ ಉಂಟು, ಅಮ್ಮ."

"ಅಷ್ಟೊಂದು ದ್ರಾಕ್ಷಿ ಯಾರಪ್ಪ ತಿಂತಾರೆ?"

"ಅವರೇ, ಅಮ್ಮ. ಅಲ್ಲಿಯ ಜನ ಸ್ವಲ್ಪ ಜಾಸ್ತಿಯೇ ತಿಂತಾರೆ."

ಮುಂದಿನ ಚಿತ್ರವನ್ನು ತೆಗೆದುಹಾಕಲು ಅವನು ಮರೆತಿದ್ದ. ಒಬ್ಬ ಆಳು ಇಳಿದು ನಿಲ್ಲುವಷ್ಟು ದೊಡ್ಡ ಮಣ್ಣಿನ ವೈನ್ ಗುಡಾಣಗಳು, ಕುತ್ತಿಗೆಯವರೆಗೆ ನೆಲದಲ್ಲಿ ಹೂತಿದ್ದವು.

"ಇದೇನಿದು?"

ರಿತೇಶ್ ಸಂತೋಷನ ಮುಖ ನೋಡಿದ. ಸಂತೋಷ್ ಏಸಿಯ ಮುಖ ನೋಡಿದ.

"ಉಪ್ಪಿನಕಾಯಿ ಅಮ್ಮ" ಅಂದುಬಿಟ್ಟ ಸಂತೋಷ್.

"ದ್ರಾಕ್ಷೀದಾ?"

"ಹೌದಮ್ಮ, ಆರು ತಿಂಗಳು ಬಾಯಿ ಮುಚ್ಚಿ ಇಡ್ತಾರೆ" ಎಂದು ರಿತೇಶ್ ದನಿಗೂಡಿಸಿದ.

"ಉಪ್ಪೆಷ್ಟು ಹಾಕ್ತಾರೆ?"

"ಉಪ್ಪು ಹಾಕುವುದೇ ಇಲ್ಲ" ಎಂದ ಮೇಲೆ ರಿತೇಶ್ ನಾಲಗೆ ಕಚ್ಚಿಕೊಂಡ.

ವಿಜಯಮ್ಮ ಇನ್ನೆರಡು ಹುರುಳಿಕಾಯಿಯ ನಾರು ತೆಗೆದರು.

"ಆಗಲಿ, ಟಿಕೆಟ್ ಮಾಡಪ್ಪ. ಆ ಉಪ್ಪಿನಕಾಯಿ ನೋಡೋಣ."

ಸಂತೋಷ್ ಎಲ್ಲರ ಪಾಸ್‌ಪೋರ್ಟ್ ತರಲು ಮಹಡಿಗೆ ಓಡಿದ. ವಿಜಯಮ್ಮ ರಿತೇಶನ ಕೈಗೆ ಕೋಡುಬಳೆಯ ಪೊಟ್ಟಣ ಇಟ್ಟು ದನಿ ತಗ್ಗಿಸಿದರು.

"ದೊಡ್ಡಬಳ್ಳಾಪುರದ ಹತ್ರ ನಮ್ಮಪ್ಪಂದು ಮೂರು ಎಕರೆ ದ್ರಾಕ್ಷಿ ತೋಟ ಇತ್ತು. ಸುಗ್ಗೀಲಿ ಲಾರಿ ಬಂದು ಹಣ್ಣೆಲ್ಲ ಹೇರ್ಕೊಂಡು ಹೋಗೋದು. ಎಲ್ಲಿಗಪ್ಪಾ ಅಂತ ಕೇಳಿದ್ರೆ, ಟಾನಿಕ್ ಮಾಡೋ ಫ್ಯಾಕ್ಟರಿಗೆ ಕಣಮ್ಮ ಅನ್ನೋರು. ನಂಬಿದ್ದೆ. ಆಗ ನಂಗೆ ಎಂಟು ವರ್ಷ." ಮಹಡಿಯ ಕಡೆ ಕಣ್ಣು ಹಾಯಿಸಿದರು. "ಈಗ ಎಪ್ಪತ್ತೊಂದು. ಅವನಿಗೆ ಹೇಳಬೇಡ."

ಮುಂದಿನ ಗುರುವಾರ ಬೆಳಿಗ್ಗೆ ಹನ್ನೊಂದು ಜನರೂ ಹೊರಟರು. ಬೀಳ್ಕೊಡಲು ಏರ್‌ಪೋರ್ಟಿಗೆ ಬಂದಿದ್ದ ರಿತೇಶನ ಕಿವಿಯಲ್ಲಿ ಸಂತೋಷ್ ಪಿಸುಗುಟ್ಟಿದ:

"ಪಾಪ, ಅಮ್ಮ ಪೂರ್ತಿ ನಂಬಿಬಿಟ್ಟಿದ್ದಾರೆ ರೀ."

ವಿಜಯಮ್ಮ ಕೈ ಬೀಸಿಕೊಂಡು ಮುಂದೆ ನಡೆದಿದ್ದರು. ಅವರ ಹಿಂದೆ ಸಂತೋಷ್, ಉಪ್ಪಿನಕಾಯಿ ತುಂಬಿಸಿ ತರಲೆಂದು ಅಮ್ಮ ಹೊರಿಸಿದ್ದ ಐದು ಸೇರಿನ ಖಾಲಿ ಭರಣಿಯನ್ನು ಎಳೇ ಮಗುವಿನಂತೆ ಎದೆಗವಚಿಕೊಂಡು ಹೊರಟ.