ಪೂವಪ್ಪನ ಮಾತು

ಪೂವಪ್ಪ ತೀರಿಕೊಂಡ ಸುದ್ದಿ ಕಾವೂರು ಕೆರೆಯ ಆಚೆ ಬದಿಗೆ ಮುಟ್ಟುವ ಮೊದಲೇ ಅವನ ಹೆಂಡತಿಯ ಅಣ್ಣ ದೂಮಪ್ಪ ಅಡುಗೆಮನೆಗೆ ನುಗ್ಗಿ ಒಣಮೀನಿನ ಡಬ್ಬಿ ತೆರೆದ. ಡಬ್ಬಿ ಖಾಲಿ ಇತ್ತು.

“ನಾನು ಹೇಳಿದ್ದಲ್ವಾ? ಭಾವನನ್ನು ತಿಂದದ್ದು ಇದೇ,” ಎಂದು ಅಳುತ್ತಿದ್ದ ತಂಗಿಗೆ ತೋರಿಸಿದ.

ಹೇಮಾಕ್ಷಿಗೆ ಅದು ಹೊಸ ಸಂಗತಿಯಲ್ಲ. ಗಂಡನ ಹೃದಯ ಸೋತಿದೆ, ಇನ್ನು ಉಪ್ಪುಮೀನು ಮುಟ್ಟಬಾರದು ಎಂದು ಡಾಕ್ಟರು ಹೇಳಿದ ವಾರದಿಂದಲೇ ಡಬ್ಬಿ ಬೇಗ ಬೇಗ ಬರಿದಾಗತೊಡಗಿತ್ತು. ಪೂವಪ್ಪ ದಿನವೂ ಬೆಳಿಗ್ಗೆ ಸೂರ್ಯನಮಸ್ಕಾರವೆಂದು ಟೆರೇಸಿಗೆ ಹೋಗುವನು. ಇಳಿದು ಬರುವಾಗ ಕೈ ನಾತ ಹೊಡೆಯುವುದು. ಕೇಳಿದರೆ ಸೂರ್ಯದೇವರ ಪ್ರಸಾದ ಎನ್ನುವನು. ಡಬ್ಬಿ ಅಡಗಿಸಿಟ್ಟರೆ ಹುಡುಕಿ ತೆಗೆಯುವನು. ಮಗಳು ಅನುಷ್ಕಾ ಅತ್ತು ನೋಡಿದಳು, ಮಾತು ಬಿಟ್ಟು ನೋಡಿದಳು. ಪ್ರಯೋಜನವಾಗಲಿಲ್ಲ.

ಪೂವಪ್ಪ ಬಂದರಿನಲ್ಲಿ ಕ್ರೇನು ನಡೆಸಿ ನಿವೃತ್ತನಾದವನು. ಕೊಟ್ಟ ಮಾತಿಗೆ ಎಂದೂ ತಪ್ಪಿದವನಲ್ಲ. ಅದೇ ಅವನ ಹೆಸರು, ಅದೇ ಮನೆಯವರ ಕಷ್ಟ. ಅನುಷ್ಕಾ ತೊಟ್ಟಿಲಲ್ಲಿದ್ದಾಗ, ಅವಳನ್ನು ದೂಮಪ್ಪನ ಮಗ ದೀಪೇಶನಿಗೇ ಕೊಡುತ್ತೇನೆಂದು ವೀಳ್ಯದ ಮೇಲೆ ಕೈಯಿಟ್ಟು ಹೇಳಿಬಿಟ್ಟಿದ್ದ. ದೀಪೇಶ ಈಗ ಮಸ್ಕತ್ತಿನಲ್ಲಿದ್ದಾನೆ. ಒಳ್ಳೆಯ ಹುಡುಗ. ಎರಡು ಮಾತು ಆಡುವಷ್ಟರಲ್ಲಿ ಮೂರು ಸಲ ಆಕಳಿಸುತ್ತಾನೆ.

ತೊಟ್ಟಿಲಿನಿಂದ ಇಳಿದ ಅನುಷ್ಕಾಳಿಗೆ ಹಿಡಿದದ್ದು ಹಡಗಿನ ಹುಚ್ಚು. ಮುಂದೊಂದು ದಿನ ದೊಡ್ಡ ಹಡಗಿನ ಕ್ಯಾಪ್ಟನ್ ಆಗಬೇಕು ಎನ್ನುತ್ತಿದ್ದಳು. ದೂಮಪ್ಪ ಆ ಪದವನ್ನು ಬಾಯಿಗೇ ತರುತ್ತಿರಲಿಲ್ಲ. “ಹಡಗು ಗುಡಿಸುವ ಕೆಲಸ” ಎನ್ನುತ್ತಿದ್ದ. ಮದುವೆಯ ಮಾತು ಬಿಡಿಸಿ ಎಂದು ಅವಳು ಅಪ್ಪನ ಕಾಲು ಹಿಡಿದಾಗ ಪೂವಪ್ಪ ತಲೆ ಸವರಿ ಹೇಳಿದ್ದು ಇಷ್ಟೇ: “ನಾನು ಬದುಕಿ ಇರುವವರೆಗೆ ನನ್ನ ಮಾತು ಬದಲಾಗ್ಲಿಕ್ಕಿಲ್ಲ, ಮಗಾ.”

ಈಗ ಅವನಿಲ್ಲ. ಮಾತು ಉಳಿದಿತ್ತು. ಅನುಷ್ಕಾ ಪರೀಕ್ಷೆ ಬರೆದು ನೌಕಾ ತರಬೇತಿಗೆ ಸೀಟು ಗಿಟ್ಟಿಸಿದ್ದಳು. ಅಪ್ಪನ ಉತ್ತರಕ್ರಿಯೆಯ ಬೊಜ್ಜ ಮುಗಿದ ಮರುದಿನ ಹೊರಡದಿದ್ದರೆ ಸೀಟು ಕೈಬಿಟ್ಟಂತೆ. ಬೊಜ್ಜದ ಊಟಕ್ಕೆ ಸೇರಿದ ನೆಂಟರ ಎದುರಿಗೇ ಮದುವೆ ನಿಶ್ಚಯವಾಗಬೇಕೆಂದು ದೂಮಪ್ಪನ ಹಟ.

ಆ ದಿನ ಅಂಗಳಕ್ಕೆ ಶಾಮಿಯಾನ ಬಂತು. ಬಾಳೆಲೆಯಲ್ಲಿ ಅನ್ನ, ಕೋಳಿಸಾರು ಬಡಿಸಿ ಗೇಟಿನ ಬಳಿ ಇಟ್ಟರು. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿ. ಆಮೇಲೆ ಉಳಿದವರಿಗೆ ಊಟ. ಕಾಗೆ ಮುಟ್ಟಲಿಲ್ಲ. ಅಷ್ಟು ಜನ, ಗಾಳಿಗೆ ಪಟಪಟ ಎನ್ನುವ ಟರ್ಪಾಲು. ಬುದ್ಧಿಯಿರುವ ಯಾವ ಕಾಗೆ ಬಂದೀತು? ಒಂದೇ ಒಂದು, ಪಕ್ಕದ ಮನೆಯ ಬಾಸಿಲರ ತೆಂಗಿನ ಮೇಲೆ ಕರೆಯದ ನೆಂಟನ ಹಾಗೆ ಕುಳಿತಿತ್ತು. ಪೂವಪ್ಪನ ಹಳೆಯ ಗೆಳೆಯರಾದ ಬಾಸಿಲರು ಮುಂದಿನ ಕುರ್ಚಿಯಲ್ಲಿ ಜಪಸರ ಹಿಡಿದು ತಲೆ ತಗ್ಗಿಸಿದ್ದರು.

ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದು ಹಿರಿಯರು ಪಿಸುಗುಟ್ಟಿದರು. ದೂಮಪ್ಪನಿಗೆ ಬೇಕಾದದ್ದೂ ಅದೇ. ಭಾವ ಯಾವ ಮಾತಿಗೆ ಕಾಯುತ್ತಿದ್ದಾನೆಂದು ತನಗೆ ಗೊತ್ತು, ಕಾಗೆ ಒಪ್ಪಿದ್ದಕ್ಕೆ ತಾನು ತಲೆಬಾಗುತ್ತೇನೆ, ಉಳಿದವರೂ ಬಾಗಬೇಕು ಎಂದು ಎಲ್ಲರಿಂದಲೂ ಹೂಂ ಅನ್ನಿಸಿಕೊಂಡ. ಬಳಿಕ ಎಲೆಯ ಮುಂದೆ ಕೈಮುಗಿದ.

“ಭಾವಾ, ಅನುಷ್ಕಾ ನಮ್ಮ ಮನೆಗೇ ಬರ್ತಾಳೆ. ಈ ವರ್ಷವೇ ಮದುವೆ ಮಾಡ್ತೇವೆ. ಬಾ.”

ಕಾಗೆ ಕತ್ತು ಕೊಂಕಿಸಿತು. ದೂಮಪ್ಪ ಮದುವೆ ಮಂಟಪದ ಹೆಸರು ಹೇಳಿದ, ಅಡುಗೆಯವರ ಹೆಸರನ್ನೂ ಹೇಳಿದ. ಕಾಗೆ ಬೆನ್ನು ತಿರುಗಿಸಿತು.

“ಕಾಗೆಗೆ ದೀಪೇಶನ ಪರಿಚಯ ಉಂಟು ಕಾಣ್ತದೆ,” ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದರು. ದೂಮಪ್ಪ ತಿರುಗಿ ನೋಡಿದ. ಎಲ್ಲರೂ ಶೋಕದ ಮುಖ ಮಾಡಿಕೊಂಡರು.

ಸಾರು ಆರಿತು. ಮಕ್ಕಳು ಹಸಿವಿಗೆ ರಾಗ ಎಳೆದರು. ಆಗ ಹೇಮಾಕ್ಷಿ ಎದ್ದಳು. ಅಣ್ಣನಿಗೆ ಎದುರಾಡಿದವಳಲ್ಲ. ಮೂಲೆಯಲ್ಲಿ ಕಣ್ಣೊರೆಸುತ್ತಿದ್ದ ಮಗಳನ್ನು ನೋಡಿದಳು, ಎಲೆಯನ್ನು ನೋಡಿದಳು, ಗಂಡನನ್ನೇ ಗದರಿಸಿದಳು.

“ನಿಮಗೆ ಎಂತ ಬೇಕು ಈಗ? ಇವಳು ನಾಳೆ ಹೋಗ್ತಾಳೆ. ಕೇಳ್ತದಾ? ನಿಮ್ಮ ಮಗಳು ಕ್ಯಾಪ್ಟನ್ ಆಗ್ತಾಳೆ.” ಯಾರಿಗೂ ಕೇಳಿಸಲಿಲ್ಲವೇನೋ ಎಂಬಂತೆ ಆ ಪದವನ್ನು ಇನ್ನೊಮ್ಮೆ ಕೂಗಿದಳು. “ಕ್ಯಾಪ್ಟನ್!”

ಕಾಗೆ ತೆಂಗಿನಿಂದ ನೆಟ್ಟಗೆ ಇಳಿಯಿತು. ಜನವನ್ನೂ ಟರ್ಪಾಲನ್ನೂ ಲೆಕ್ಕಿಸದೆ, ದೂಮಪ್ಪನ ಕಾಲ ಬಳಿಯಿಂದಲೇ ನಡೆದು ಹೋಗಿ, ಎಲೆಯ ನಡುವೆ ನಿಂತು ಉಂಡಿತು.

ಅಂಗಳವಿಡೀ ಕೈಮುಗಿಯಿತು. ಹೇಮಾಕ್ಷಿ ಕುಸಿದು ಕುಳಿತು ಅತ್ತಳು.

“ಭಾವನೇ ಹೇಳಿದ ಮೇಲೆ ನಾನು ಎಂತ ಮಾಡುವುದು ಮಾರಾಯ,” ಎಂದು ಪಕ್ಕದವನಿಗೆ ಹೇಳಿ ದೂಮಪ್ಪನೂ ಕೈಮುಗಿದ. ಊಟದಲ್ಲಿ ಎರಡು ಸಲ ಕೋಳಿಸಾರು ಹಾಕಿಸಿಕೊಂಡ. ಮರುದಿನ ಸೊಸೆಯಾಗಬೇಕಿದ್ದವಳನ್ನು ರೈಲು ಹತ್ತಿಸಿದವನೂ ಅವನೇ.

ರೈಲು ಹೊರಟ ಹೊತ್ತಿಗೆ ಬಾಸಿಲರು ಇಗರ್ಜಿಯಲ್ಲಿ ಮೊಣಕಾಲೂರಿದ್ದರು. “ದೇವರೇ,” ಎಂದು ಅವರು ಬೇಡಿಕೊಂಡರು, “ಎರಡು ವರ್ಷ ದಿನವೂ ಟೆರೇಸಿನಲ್ಲಿ ಕೈಯಾರೆ ಒಣಮೀನು ತಿನ್ನಿಸಿ ಪೂವಪ್ಪ ಆ ಕಾಗೆಗೆ ಕಲಿಸಿದ ಹೆಸರು ಕ್ಯಾಪ್ಟನ್ ಎಂದು ನಾನು ಯಾರಿಗೂ ಹೇಳುವುದಿಲ್ಲ, ನೀನೂ ಹೇಳಬೇಡ; ಅವನ ಆತ್ಮಕ್ಕೆ ಶಾಂತಿ ಕೊಡು.”